ಗೇಮ್ ಕ್ಯಾರೆಕ್ಟರ್ ಆರ್ಟಿಸ್ಟ್ ಆಗಬೇಕಾ? ಮೂರೇ ಮಾಡಿ, ಪೂರ್ತಿ ಮಾಡಿ

ಮಂಗಳೂರು, ಉಡುಪಿ ಕಡೆ ಅನಿಮೇಶನ್ ಕಲಿತವರ ಪೋರ್ಟ್‌ಫೋಲಿಯೋ ನೋಡಿ ಅಂತ ಯಾರಾದರೂ ಲಿಂಕ್ ಕಳಿಸಿದರೆ ಒಳಗೆ ಏನಿರುತ್ತದೆ ಅಂತ ತೆರೆಯುವ ಮೊದಲೇ ಗೊತ್ತಾಗುತ್ತದೆ. ಒಂದು ರಾಕ್ಷಸನ ತಲೆ. ಒಂದು ಡ್ರ್ಯಾಗನ್, ಕುತ್ತಿಗೆವರೆಗೆ ಮಾತ್ರ. ಕೈ ಇನ್ನೂ ಮಾಡಬೇಕಾದ ಒಬ್ಬ ಯೋಧ. ಮತ್ತೆ ಕೋರ್ಸಿನಲ್ಲಿ ಎಲ್ಲರೂ ಮಾಡಿದ ಅದೇ ಒಂದು ಬಂದೂಕು. ಕೈಚಳಕ ಇಲ್ಲ ಅಂತಲ್ಲ, ಉಂಟು. ಆದರೆ ಒಂದೂ ಮುಗಿದಿಲ್ಲ.

ಇಪ್ಪತ್ತು ಅರ್ಧಂಬರ್ಧ ಸ್ಕಲ್ಪ್ಟ್‌ಗಿಂತ (ಕಂಪ್ಯೂಟರಿನಲ್ಲಿ ಮಣ್ಣಿನ ಹಾಗೆ ಕೆತ್ತಿದ ಮೂರ್ತಿ) ಮುಗಿದ ಮೂರು ಕ್ಯಾರೆಕ್ಟರ್ ಮೇಲು. ಮುಗಿದದ್ದು ಅಂದರೆ ಗೇಮ್ ಎಂಜಿನ್ (ಗೇಮ್ ಓಡಿಸುವ ತಂತ್ರಾಂಶ, ಅನ್‌ರಿಯಲ್, ಯೂನಿಟಿ ಥರದ್ದು) ಒಳಗೆ ಬಟ್ಟೆ ಹಾಕಿಕೊಂಡು, ಕೂದಲು ಇಟ್ಟುಕೊಂಡು, ಕೈಕಾಲು ಮಡಚಿದರೂ ಹರಿಯದೆ ನಿಲ್ಲುವ ಕ್ಯಾರೆಕ್ಟರ್. ಬರೀ ಝೀಬ್ರಶ್ ಅನ್ನುವ ಕೆತ್ತನೆ ತಂತ್ರಾಂಶದ ಬೂದು ಬಣ್ಣದ ಚಿತ್ರ ಅಲ್ಲ. ಸ್ಟುಡಿಯೋದ ಲೀಡ್ ಆರ್ಟಿಸ್ಟ್ ಊಟದ ಬ್ರೇಕಿನಲ್ಲೋ ಎರಡು ಮೀಟಿಂಗಿನ ನಡುವೆಯೋ ನಿಮ್ಮ ಪುಟ ತೆರೆಯುತ್ತಾರೆ. ಅವರ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಇವರ ಕೈಗೆ ಒಂದು ಕ್ಯಾರೆಕ್ಟರ್ ಕೊಟ್ಟರೆ ನಾನು ಮತ್ತೆ ಕೂತು ರಿಪೇರಿ ಮಾಡಬೇಕಾಗುತ್ತದಾ? ಪುಟದಲ್ಲಿ ಎಲ್ಲಕ್ಕಿಂತ ಕೆಟ್ಟ ಕೆಲಸ ಯಾವುದುಂಟೋ ಅದನ್ನೇ ಅವರು ನಿಮ್ಮ ಮಟ್ಟ ಅಂದುಕೊಳ್ಳುತ್ತಾರೆ. ಹಾಗಾಗಿ ಮೊದಲ ಕೆಲಸ ಅಳಿಸುವುದು. ಬೇಜಾರಾಗುತ್ತದೆ, ಆದರೂ ಅಳಿಸಿ.

ಯಾರಿಗೆ ತೋರಿಸುವುದು ಅಂತ ಮೊದಲು ತೀರ್ಮಾನ ಮಾಡಿ

ನಮ್ಮ ದೇಶದಲ್ಲಿ ಕ್ಯಾರೆಕ್ಟರ್ ಕೆಲಸದ ದೊಡ್ಡ ಪಾಲು ಹೊರದೇಶದ ಗೇಮ್‌ಗಳಿಗೆ ಆರ್ಟ್ ಮಾಡಿಕೊಡುವುದು. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಬೆಳೆದದ್ದು ಇಂಥ ಕೆಲಸದಿಂದಲೇ, ಕೊನೆಗೆ 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಪುಣೆಯಲ್ಲಿ ಯೂಬಿಸಾಫ್ಟ್ ಉಂಟು, ಗುರುಗ್ರಾಮದಲ್ಲಿ ಲಕ್ಷ್ಯ ಡಿಜಿಟಲ್ ಉಂಟು. ಇಂಥ ಸ್ಟುಡಿಯೋಗಳಲ್ಲಿ ಕ್ಯಾರೆಕ್ಟರ್ ಹೇಗಿರಬೇಕು ಅನ್ನುವ ಕಾನ್ಸೆಪ್ಟ್ ಚಿತ್ರ ಬೇರೆ ಯಾರೋ ಬರೆದಿರುತ್ತಾರೆ. ಎಷ್ಟು ತ್ರಿಕೋನ (ಮಾಡೆಲ್ ಕಟ್ಟುವುದೇ ಇವುಗಳಿಂದ), ಎಷ್ಟು ಟೆಕ್ಸ್ಚರ್ (ಅದರ ಮೇಲೆ ಹೊದಿಸುವ ಚಿತ್ರ) ಅಂತ ಮೊದಲೇ ಹೇಳಿರುತ್ತಾರೆ. ನಿಮ್ಮ ಕೆಲಸ ಅದನ್ನು ಚಾಚೂ ತಪ್ಪದೆ ಮಾಡಿಕೊಡುವುದು. ಮೊಬೈಲ್ ಗೇಮ್ ಮಾಡುವ ಕಂಪನಿಗಳ ದಾರಿ ಬೇರೆ. ಅಲ್ಲಿ ಕಾರ್ಟೂನ್ ಥರದ ಸ್ಟೈಲ್ ಜಾಸ್ತಿ, ತ್ರಿಕೋನದ ಲೆಕ್ಕ ತುಂಬ ಬಿಗಿ. ನಿಮಗೆ ಇಷ್ಟವಾದ ಐದಾರು ಸ್ಟುಡಿಯೋದ ಹೆಸರು ಬರೆದಿಡಿ, ಅಲ್ಲಿ ಈಗ ಕೆಲಸ ಮಾಡುವವರ ಆರ್ಟ್‌ಸ್ಟೇಶನ್ (ಆರ್ಟಿಸ್ಟ್‌ಗಳು ತಮ್ಮ ಕೆಲಸ ಹಾಕುವ ವೆಬ್‌ಸೈಟ್) ಪುಟ ಕೂತು ನೋಡಿ. ನಿಮ್ಮ ಕೆಲಸ ಆ ಪುಟಗಳ ಪಕ್ಕದಲ್ಲಿ ಇಟ್ಟರೆ ನಾಚಿಕೆಯಾಗಬಾರದು, ಅಳತೆಗೋಲು ಅಷ್ಟೇ.

ಯಾವ ಮೂರು?

ಮೊದಲನೆಯದು ಒಬ್ಬ ಸಾಮಾನ್ಯ ಮನುಷ್ಯ. ಕವಚ ಇಲ್ಲ, ಕೊಂಬಿಲ್ಲ, ರೆಕ್ಕೆ ಇಲ್ಲ. ಮಲ್ಪೆ ಬಂದರಿನಲ್ಲಿ ಬುಟ್ಟಿ ಹೊರುವವರನ್ನೋ, ಮಂಗಳೂರಿನ ದಕ್ಕೆಯಲ್ಲಿ ಮೀನು ಮಾರುವ ಅಮ್ಮನನ್ನೋ ಮಾಡಿ. ಮುಖ, ಕೈ, ಬಟ್ಟೆ ಮೂರೂ ನಂಬುವ ಹಾಗಿರಬೇಕು. ರಾಕ್ಷಸನ ಮೂಗು ಸೊಟ್ಟ ಇದ್ದರೆ ಅವನು ಇರುವುದೇ ಹಾಗೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಮೀನು ಮಾರುವ ಅಮ್ಮನ ಮುಖದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಹೆಚ್ಚಿನವರು ಇದನ್ನು ಮುಟ್ಟುವುದಿಲ್ಲ, ಅದಕ್ಕೇ ನೀವು ಮಾಡಿದರೆ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಬೇರೆಯವರ ಕಾನ್ಸೆಪ್ಟ್ ನೋಡಿ ಮಾಡಿದ್ದು. ಕಾನ್ಸೆಪ್ಟ್ ಆರ್ಟಿಸ್ಟ್‌ಗೆ ಒಂದು ಮೆಸೇಜ್ ಹಾಕಿ ಅನುಮತಿ ಕೇಳಿ, ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಪುಟದಲ್ಲಿ ಅವರ ಹೆಸರು, ಮೂಲ ಚಿತ್ರ ಎರಡೂ ಹಾಕಿ. ಮೂಲದಲ್ಲಿ ಭುಜ ಅಗಲ ಇದ್ದರೆ ನಿಮ್ಮದರಲ್ಲೂ ಅಷ್ಟೇ ಅಗಲ. ನಿಮಗೆ ಚಂದ ಕಂಡಿತು ಅಂತ ಬದಲಿಸಬೇಡಿ. ಇಲ್ಲಿ ಪರೀಕ್ಷೆ ಇರುವುದೇ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತೀರಾ ಅಂತ. ಮೊದಲನೆಯದು ನೈಜವಾಗಿದ್ದರೆ ಇದು ಸ್ಟೈಲೈಸ್ಡ್, ಅಂದರೆ ಕಾರ್ಟೂನ್ ಥರ, ಇರಲಿ.

ಮೂರನೆಯದು ವೇಷಭೂಷಣ ಜಾಸ್ತಿ ಇರುವ ಕ್ಯಾರೆಕ್ಟರ್, ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ಎಲ್ಲರೂ ಯುರೋಪಿನ ಕಬ್ಬಿಣದ ಕವಚ ಮಾಡುತ್ತಾರೆ, ಅದೂ ಇನ್ನೊಬ್ಬರು ಮಾಡಿದ ಕವಚ ನೋಡಿಕೊಂಡು. ನಮಗೆ ನವೆಂಬರಿನಿಂದ ಮೇ ತನಕ, ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವವರೆಗೆ, ದಿನಾ ರಾತ್ರಿ ಎಲ್ಲಾದರೂ ಒಂದು ಕಡೆ ಯಕ್ಷಗಾನ ಉಂಟು. ಕಣ್ಣೆದುರು ವೇಷ ಕಟ್ಟುತ್ತಾರೆ ಮಾರಾಯ್ರೆ, ಇದಕ್ಕಿಂತ ಒಳ್ಳೆಯ ರೆಫರೆನ್ಸ್ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಚೌಕಿಯಲ್ಲಿ ಕಣ್ಣು ಎಲ್ಲಿಡಬೇಕು

ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಬರಬಹುದಾ ಅಂತ ಮುಂಚೆಯೇ ಮೇಳದವರನ್ನು ಕೇಳಿ, ಬೇಗ ಹೋಗಿ. ಚೌಕಿಯಲ್ಲಿ ದೇವರ ಪೂಜೆ ನಡೆಯುವ ಜಾಗ ಇರುತ್ತದೆ, ಚಪ್ಪಲಿ ಹೊರಗೆ ಬಿಡಿ. ಫೋಟೋ ಬೇಕಾದರೆ ವೇಷಧಾರಿಯನ್ನೇ ಕೇಳಿ. ಫ್ಲಾಶ್ ಬೇಡ, ಬಣ್ಣ ಹಚ್ಚುವಾಗ ಮಾತಾಡಿಸುವುದೂ ಬೇಡ. ರಂಗಸ್ಥಳದ ಎದುರು ಕೂತು ತೆಗೆದ ಫೋಟೋ ಚಂದ ಕಾಣುತ್ತದೆ, ಆದರೆ ಮಾಡೆಲಿಂಗ್‌ಗೆ ಉಪಯೋಗ ಕಮ್ಮಿ. ನಿಮಗೆ ಬೇಕಾದದ್ದು ಯಾವುದರ ಮೇಲೆ ಯಾವುದನ್ನು ಕಟ್ಟುತ್ತಾರೆ ಅನ್ನುವ ಕ್ರಮ, ಗಂಟು ಎಲ್ಲಿ ಬೀಳುತ್ತದೆ, ಬೆನ್ನಿನ ಕಡೆ ಹೇಗಿರುತ್ತದೆ. ಬೆನ್ನಿನ ಫೋಟೋ ಯಾರೂ ತೆಗೆಯುವುದಿಲ್ಲ, ಆದರೆ ಗೇಮ್ ಆಡುವವನು ಹೆಚ್ಚು ಹೊತ್ತು ನೋಡುವುದು ಕ್ಯಾರೆಕ್ಟರಿನ ಬೆನ್ನನ್ನೇ!

ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಪುಂಡುವೇಷದ (ಎಳೆಯ ವೀರನ ವೇಷ) ಚೌಕುಳಿ ಸೀರೆ ತೆಗೆದುಕೊಳ್ಳಿ. ಯುವಿ (ಮಾಡೆಲಿನ ಮೈಯನ್ನು ಚಪ್ಪಟೆಯಾಗಿ ಹರಡಿದ ನಕ್ಷೆ) ಸರಿಯಾಗಿ ಬಿಡಿಸಿದ್ದೀರಾ ಅಂತ ನೋಡಲು ನಾವೆಲ್ಲ ಚೆಕರ್ ಟೆಕ್ಸ್ಚರ್ ಹಾಕಿ ನೋಡುತ್ತೇವೆ, ಅಲ್ವಾ? ಇಲ್ಲಿ ಬಟ್ಟೆಯೇ ಚೆಕರ್. ತೊಡೆಯ ಹತ್ತಿರ ಚೌಕ ಉದ್ದವಾಯಿತು, ಕಚ್ಚೆಯ ಹತ್ತಿರ ಓರೆಯಾಯಿತು ಅಂದರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಮುಚ್ಚಿಡಲು ಆಗುವುದಿಲ್ಲ. ಮಾರ್ವೆಲಸ್ ಡಿಸೈನರ್ ಅನ್ನುವ ಬಟ್ಟೆ ಮಾಡುವ ತಂತ್ರಾಂಶದಲ್ಲಿ ನಿಜವಾದ ಸೀರೆಯ ಹಾಗೇ ಒಂದು ಉದ್ದ ಆಯತ ತೆಗೆದುಕೊಂಡು ಕಚ್ಚೆ ಉಡಿಸಿದರೆ ಯುವಿ ಆ ಆಯತದಿಂದಲೇ ಬರುತ್ತದೆ, ಚೌಕಗಳು ತಾವಾಗಿ ಸರಿ ಬೀಳುತ್ತವೆ. ಅದು ಇಲ್ಲದವರು ಉಚಿತ 3ಡಿ ತಂತ್ರಾಂಶ ಬ್ಲೆಂಡರಿನ ಕ್ಲಾತ್ ಸಿಮ್ಯುಲೇಶನ್‌ನಲ್ಲೂ ಮಾಡಬಹುದು, ತಾಳ್ಮೆ ಜಾಸ್ತಿ ಬೇಕು.

ತೆಂಕುತಿಟ್ಟಿನ (ದಕ್ಷಿಣದ ಶೈಲಿ) ಬಣ್ಣದ ವೇಷದ (ರಾಕ್ಷಸ ಪಾತ್ರ) ಚುಟ್ಟಿ ಇನ್ನೂ ಒಳ್ಳೆಯ ಪಾಠ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಮುಳ್ಳು ಇಡುತ್ತಾರೆ, ಗಂಟೆಗಟ್ಟಲೆ ಹಿಡಿಯುತ್ತದೆ. ಈಗ ನೀವು ನಿರ್ಧಾರ ಮಾಡಬೇಕು: ಯಾವ ಮುಳ್ಳು ನಿಜವಾದ ಮೆಶ್ (ತ್ರಿಕೋನಗಳ ಜಾಲ), ಯಾವುದು ಬರೀ ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಭ್ರಮೆ ಕೊಡುವ ಟೆಕ್ಸ್ಚರ್)? ಕೆನ್ನೆಯ ಮಧ್ಯದಲ್ಲಿರುವುದನ್ನು ಹೈಪೋಲಿಯಲ್ಲಿ (ತ್ರಿಕೋನ ತುಂಬ ಇರುವ ಮಾಡೆಲ್) ಕೆತ್ತಿ ನಾರ್ಮಲ್ ಮ್ಯಾಪಿಗೆ ಬೇಕ್ ಮಾಡಿದರೆ, ಅಂದರೆ ಆ ವಿವರ ಅಲ್ಲಿಗೆ ಇಳಿಸಿದರೆ, ಸಾಕು. ಆದರೆ ದವಡೆಯ ಅಂಚಿನಲ್ಲಿರುವುದು ಪಕ್ಕದಿಂದ ನೋಡಿದಾಗ ಹೊರಗೆ ಚಾಚಿ ಕಾಣಬೇಕು, ನಾರ್ಮಲ್ ಮ್ಯಾಪ್ ಬೆಳಕಿಗೆ ಮೋಸ ಮಾಡುತ್ತದೆಯೇ ಹೊರತು ಆಕಾರದ ಅಂಚನ್ನು ಬದಲಿಸುವುದಿಲ್ಲ. ಅಲ್ಲಿ ತ್ರಿಕೋನ ಖರ್ಚು ಮಾಡಿ. ಈ ನಿರ್ಧಾರವನ್ನು ಒಂದು ಚಿತ್ರದಲ್ಲಿ ಬಾಣ ಹಾಕಿ ತೋರಿಸಿ. ಲೀಡ್ ಆರ್ಟಿಸ್ಟ್ ನೋಡಿ ತಲೆಯಾಡಿಸುವುದು ಇಂಥದ್ದಕ್ಕೆ.

ಕಿರೀಟ, ಭುಜಕೀರ್ತಿ, ಎದೆಪದಕಗಳಲ್ಲಿ ಒಂದೇ ಥರದ ಮಣಿ, ಒಂದೇ ಥರದ ಹೂವು ಮತ್ತೆ ಮತ್ತೆ ಬರುತ್ತದೆ. ಎಲ್ಲವನ್ನೂ ಬೇರೆ ಬೇರೆ ಕೆತ್ತಿದರೆ ನಿಮ್ಮ ಆಯುಷ್ಯವೂ ಮುಗಿಯುತ್ತದೆ, ಟೆಕ್ಸ್ಚರ್ ಜಾಗವೂ ಮುಗಿಯುತ್ತದೆ. ಮೂರು ನಾಲ್ಕು ತುಂಡು ಚೆನ್ನಾಗಿ ಮಾಡಿ, ಯುವಿ ಒಂದರ ಮೇಲೊಂದು ಇಟ್ಟು ಮತ್ತೆ ಮತ್ತೆ ಬಳಸಿ. ಭುಜಕೀರ್ತಿ ಗಟ್ಟಿ ವಸ್ತು, ತೋಳು ಎತ್ತಿದಾಗ ಅದು ರಬ್ಬರಿನ ಹಾಗೆ ಬಗ್ಗಬಾರದು. ಅದಕ್ಕೆ ಬೇರೆ ಬೋನ್ (ಮಾಡೆಲನ್ನು ಅಲ್ಲಾಡಿಸುವ ಮೂಳೆ) ಬೇಕಾಗುತ್ತದೆ, ರಿಗ್ ಮಾಡುವವರು, ಅಂದರೆ ಆ ಮೂಳೆ ಜೋಡಿಸುವವರು, ಬೇರೆಯವರಾದರೂ ಈ ಯೋಚನೆ ನಿಮಗಿರಬೇಕು.

ದೈವದ ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಪ್ರಭಾವಳಿ), ಮುಖವರ್ಣಿಕೆ ಬಗ್ಗೆಯೂ ಕೆಲವರು ಕೇಳುತ್ತಾರೆ. ನನ್ನ ಅಭಿಪ್ರಾಯ: ಬೇಡ. ಯಕ್ಷಗಾನ ಕಲೆ, ಅಲ್ಲಿ ರಾಕ್ಷಸನ ಪಾತ್ರ ಪಾತ್ರವೇ. ದೈವ ಹಾಗಲ್ಲ, ಊರಿನವರು ನಂಬುವ ಶಕ್ತಿ. ಅದನ್ನು ಹೊಡೆದು ಸಾಯಿಸುವ ಬಾಸ್ (ಗೇಮಿನ ದೊಡ್ಡ ವೈರಿ) ಮಾಡಿ ಪುಟದಲ್ಲಿ ಹಾಕಿದರೆ ಬೈಗುಳ ಸಿಗುತ್ತದೆ, ಸಿಗಬೇಕಾದದ್ದೇ.

ವೇಷ ತುಂಬ ದೊಡ್ಡದಾಯಿತು ಅನಿಸಿದರೆ ಹುಲಿವೇಷ ಮಾಡಿ. ಉಡುಪಿಯ ಅಷ್ಟಮಿ, ಮಂಗಳೂರಿನ ದಸರಾ ಎರಡರಲ್ಲೂ ಬೇಕಾದಷ್ಟು ನೋಡಲು ಸಿಗುತ್ತದೆ. ಬಟ್ಟೆ ಕಮ್ಮಿ, ಮೈ ಜಾಸ್ತಿ, ಅಂದರೆ ಅನಾಟಮಿ ಬರುತ್ತದಾ ಇಲ್ಲವಾ ಅಂತ ನೇರ ಗೊತ್ತಾಗುತ್ತದೆ. ಬೆನ್ನಿನ ಪಟ್ಟೆ ಸ್ನಾಯುವಿನ ಉಬ್ಬಿನ ಮೇಲೆ ಹೇಗೆ ಬಳಸಿ ಹೋಗುತ್ತದೆ ನೋಡಿ, ಅನಾಟಮಿ ಪುಸ್ತಕದಲ್ಲಿ ಗೆರೆ ಎಳೆದು ತೋರಿಸುವುದನ್ನು ಅಲ್ಲಿ ಬಣ್ಣದಲ್ಲಿ ಬರೆದಿರುತ್ತಾರೆ. ಕುಣಿದು ಬೆವರಿದ ಮೇಲೆ ಬಣ್ಣ ಮೊಣಕೈ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಬಣ್ಣ ಇರುವಲ್ಲಿ ಒಂದು ಹೊಳಪು, ಚರ್ಮ ಇಣುಕುವಲ್ಲಿ ಇನ್ನೊಂದು ಹೊಳಪು. ರಫ್‌ನೆಸ್ ಮ್ಯಾಪ್, ಅಂದರೆ ಎಲ್ಲಿ ಎಷ್ಟು ಹೊಳಪು ಅಂತ ಹೇಳುವ ಟೆಕ್ಸ್ಚರ್, ಕಲಿಯಲು ಇದು ಸಾಕು.

ಮೆಶ್, ಬೇಕ್, ಟೆಕ್ಸ್ಚರ್

ಸ್ಕಲ್ಪ್ಟ್ ಚೆನ್ನಾಗಿದ್ದು ಕೆಲಸ ಸಿಗದವರ ಪುಟದಲ್ಲಿ ಹೆಚ್ಚಾಗಿ ಕಾಣದೇ ಇರುವುದು ವೈರ್‌ಫ್ರೇಮ್ (ಮೆಶ್‌ನ ಗೆರೆಗಳು ಕಾಣುವ ಚಿತ್ರ). ತೋರಿಸದಿದ್ದರೆ ಮಾಡಿಲ್ಲ ಅಂತಲೇ ಅರ್ಥ. ರೀಟೋಪಾಲಜಿ (ಸ್ಕಲ್ಪ್ಟ್ ಮೇಲೆ ಹಗುರ ಮೆಶ್ ಹೊಸದಾಗಿ ಕಟ್ಟುವುದು) ಕೈಯಿಂದಲೇ ಮಾಡಿ, ಕಡೇಪಕ್ಷ ಮುಖ, ಭುಜ, ಮೊಣಕೈ, ಮೊಣಕಾಲು, ಬೆರಳು. ಕಣ್ಣು ಮತ್ತು ಬಾಯಿಯ ಸುತ್ತ ಲೂಪ್ (ಮೆಶ್‌ನ ಗೆರೆಗಳ ಸುತ್ತು) ಬಳೆಯ ಹಾಗೆ ಸುತ್ತಿ ಬರಬೇಕು. ಮೊಣಕೈಯಲ್ಲಿ ಮಡಿಕೆಯ ಹೊರಬದಿಗೆ ಜಾಸ್ತಿ ಲೂಪ್ ಬೇಕು, ಹಿಗ್ಗುವುದು ಆ ಬದಿ. ಪಿಸಿ, ಕನ್ಸೋಲ್ ಗೇಮಿನ ಮುಖ್ಯ ಪಾತ್ರಕ್ಕೆ ಲಕ್ಷದ ಆಸುಪಾಸು ತ್ರಿಕೋನ ಇದ್ದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ, ಮೊಬೈಲ್ ಆದರೆ ಅದರ ಒಂದು ಸಣ್ಣ ಪಾಲಿನಲ್ಲಿ ಮುಗಿಸಬೇಕು. ಎಷ್ಟು ಬಳಸಿದ್ದೀರಿ ಅಂತ ಚಿತ್ರದ ಮೂಲೆಯಲ್ಲಿ ಬರೆಯಿರಿ.

ನಿಮ್ಮ ಮೆಶ್ ಮಡಚುತ್ತದಾ ಅಂತ ನೋಡಲು ರಿಗ್ಗಿಂಗ್ ಕಲಿಯಬೇಕಿಲ್ಲ. ಮೆಶ್‌ಗೆ ತಾನೇ ಬೋನ್ ಹಾಕಿ ಅಲ್ಲಾಡಿಸುವ ಮಿಕ್ಸಾಮೋ ವೆಬ್‌ಸೈಟ್ ಉಚಿತ. ಎ-ಪೋಸ್ (ಕೈ ಓರೆಯಾಗಿ ಇಳಿಸಿ ನಿಂತದ್ದು) ಅಥವಾ ಟಿ-ಪೋಸ್‌ನಲ್ಲಿರುವ (ಕೈ ಅಡ್ಡ ಚಾಚಿ ನಿಂತದ್ದು) ಮೆಶ್ ಹಾಕಿ, ಒಂದು ಓಟ, ಒಂದು ಕೂರುವ ಅನಿಮೇಶನ್ ಕೊಟ್ಟು ನೋಡಿ. ಕಂಕುಳಲ್ಲಿ ಮೆಶ್ ಕುಸಿದರೆ ಹಿಂದೆ ಹೋಗಿ ಸರಿ ಮಾಡಿ. ವೇಷದ ಸೀರೆ ಅಲ್ಲಿ ಎಳೆದಾಡುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಮೈ ಮಾತ್ರ ಪರೀಕ್ಷೆ ಮಾಡಿ.

ಬೇಕ್ ಮಾಡಿದಾಗ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಂಡರೆ ಗಾಬರಿ ಬೇಡ, ನಾರ್ಮಲ್ ಮ್ಯಾಪಿನ ಹಸಿರು ಚಾನೆಲ್ ತಿರುಗಿರುತ್ತದೆ. ಅನ್‌ರಿಯಲ್‌ಗೆ ಡೈರೆಕ್ಟ್‌ಎಕ್ಸ್ ಥರದ್ದು ಬೇಕು, ಬ್ಲೆಂಡರ್ ಮತ್ತು ಯೂನಿಟಿಗೆ ಓಪನ್‌ಜಿಎಲ್ ಥರದ್ದು. ಅಂಚುಗಳಲ್ಲಿ ವಿಚಿತ್ರ ನೆರಳು ಬಂದರೆ ಹಾರ್ಡ್ ಎಡ್ಜ್ (ಚೂಪಾದ ಅಂಚು) ಇರುವಲ್ಲೆಲ್ಲ ಯುವಿ ಕತ್ತರಿಸಿದ್ದೀರಾ ಅಂತ ನೋಡಿ. ಒಂದು ಆಭರಣದ ಆಕಾರ ಪಕ್ಕದ ಇನ್ನೊಂದರ ಮೇಲೆ ಅಚ್ಚಾದರೆ ಹೈಪೋಲಿ, ಲೋಪೋಲಿ (ತ್ರಿಕೋನ ಕಮ್ಮಿ ಇರುವ ಮಾಡೆಲ್) ಎರಡಕ್ಕೂ ಒಂದೇ ಹೆಸರಿಟ್ಟು ಹೆಸರಿನ ಪ್ರಕಾರ ಬೇಕ್ ಮಾಡಿ.

ಟೆಕ್ಸ್ಚರಿನಲ್ಲಿ ಎಲ್ಲರೂ ಮಾಡುವುದು ಒಂದೇ: ಸಬ್‌ಸ್ಟೆನ್ಸ್ ಪೇಂಟರ್ ತಂತ್ರಾಂಶದ ಒಂದು ಸ್ಮಾರ್ಟ್ ಮಟೀರಿಯಲ್ (ಬಣ್ಣ, ಸವೆತ ಎಲ್ಲ ಸಿದ್ಧ ಇರುವುದು) ಎಳೆದು ಹಾಕಿ, ಎಲ್ಲ ಅಂಚೂ ಸಮವಾಗಿ ಸವೆಸಿ ಬಿಡುವುದು. ನಿಜ ಜೀವನದಲ್ಲಿ ವಸ್ತು ಹಾಗೆ ಸವೆಯುವುದಿಲ್ಲ. ನಮ್ಮ ಕಡೆ ಕೆಂಪು ಮಣ್ಣು ಪಂಚೆಯ ಕೆಳಗಿನ ಅಂಚಿಗೆ ಹಿಡಿಯುತ್ತದೆ, ಹಿಮ್ಮಡಿಗೆ ಹಿಡಿಯುತ್ತದೆ, ಎದೆಗೆ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು ಬರುವುದು ಮಡಿಕೆಯ ಒಳಗಿನಿಂದ. ಸಮುದ್ರದ ಹತ್ತಿರದ ಕಬ್ಬಿಣ ಮೊದಲು ತುಕ್ಕು ಹಿಡಿಯುವುದು ನೀರು ನಿಲ್ಲುವಲ್ಲಿ, ತಿರುಪಿನ ಸುತ್ತ. ಕ್ಯಾರೆಕ್ಟರ್ ಎಲ್ಲಿಂದ ಬಂದ, ಏನು ಕೆಲಸ ಮಾಡುತ್ತಾನೆ ಅಂತ ಯೋಚಿಸಿ ಕೊಳೆ ಹಾಕಿ. ಬೇಸ್ ಕಲರಿನಲ್ಲಿ (ಮೂಲ ಬಣ್ಣದ ಟೆಕ್ಸ್ಚರ್) ನೆರಳು ಬರೆಯಬೇಡಿ, ನೆರಳು ಎಂಜಿನ್ನಿನ ಕೆಲಸ. ಸ್ಟೈಲೈಸ್ಡ್ ಕೆಲಸಕ್ಕೆ ಮಾತ್ರ ಈ ನಿಯಮ ಸಡಿಲ.

ಚರ್ಮದ ಬಗ್ಗೆ ಒಂದು ಮಾತು. ನಮ್ಮವರೇ ನಮ್ಮ ಚರ್ಮವನ್ನು ಕಂದು ಪ್ಲಾಸ್ಟಿಕ್ ಮಾಡಿಬಿಡುತ್ತಾರೆ. ಕಪ್ಪು ಚರ್ಮದಲ್ಲೂ ಅಂಗೈ, ತುಟಿ, ಕಿವಿಯ ಅಂಚು, ಬೆರಳ ಗಂಟು ಬೇರೆ ಬೇರೆ ಬಣ್ಣ. ಕಣ್ಣ ಕೆಳಗೆ ಬೇರೆ, ಹಣೆಯಲ್ಲಿ ಬೇರೆ. ಕರಾವಳಿಯ ಸೆಕೆಗೆ ಹಣೆ, ಮೂಗು ಮಿನುಗುತ್ತವೆ, ಕೆನ್ನೆಯ ಪಕ್ಕ ಅಷ್ಟಿಲ್ಲ, ಅದನ್ನು ರಫ್‌ನೆಸ್‌ನಲ್ಲಿ ತನ್ನಿ. ಸಬ್‌ಸರ್ಫೇಸ್ (ಚರ್ಮದೊಳಗೆ ಬೆಳಕು ಹರಡುವ ಪರಿಣಾಮ) ಇರಲಿ, ಆದರೆ ಮೇಣದ ಬೊಂಬೆ ಆಗುವಷ್ಟು ಬೇಡ. ಕೂದಲನ್ನು ಹೇರ್ ಕಾರ್ಡಿನಲ್ಲಿ (ಕೂದಲ ಚಿತ್ರ ಹೊದಿಸಿದ ತೆಳು ಪಟ್ಟಿಗಳು) ಮಾಡಿ ತೋರಿಸಿ, ಬೇಜಾರಿನ ಕೆಲಸ, ಅದಕ್ಕೇ ಬಲ್ಲವರಿಗೆ ಬೇಡಿಕೆ.

ತಂತ್ರಾಂಶ, ಕಂಪ್ಯೂಟರ್, ಕರೆಂಟು

ದುಡ್ಡಿಲ್ಲದಿದ್ದರೆ ಬ್ಲೆಂಡರ್ ಒಂದರಲ್ಲೇ ಸ್ಕಲ್ಪ್ಟ್‌ನಿಂದ ಬೇಕ್ ತನಕ ಆಗುತ್ತದೆ. ಆದರೂ ಹೆಚ್ಚಿನ ಸ್ಟುಡಿಯೋಗಳಲ್ಲಿ ಝೀಬ್ರಶ್ ಮತ್ತು ಮಾಯಾ (ಇನ್ನೊಂದು 3ಡಿ ತಂತ್ರಾಂಶ) ಇರುವುದರಿಂದ ಒಂದು ಪ್ರಾಜೆಕ್ಟಾದರೂ ಅದರಲ್ಲಿ ಮಾಡಿರಿ. ಸಬ್‌ಸ್ಟೆನ್ಸ್‌ಗೆ ವಿದ್ಯಾರ್ಥಿಗಳಿಗೆ ಅಡೋಬ್ ರಿಯಾಯಿತಿ ಉಂಟು, ಕಾಲೇಜಿನ ಗುರುತು ಇರುವಾಗಲೇ ಉಪಯೋಗಿಸಿಕೊಳ್ಳಿ. ಝೀಬ್ರಶ್ ಓಡುವುದು ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಮೇಲಲ್ಲ. ಅಂಗಡಿಯವರು ದುಬಾರಿ ಕಾರ್ಡ್ ತೋರಿಸಿದಾಗ ಮೊದಲು 32 ಜಿಬಿ ರ‍್ಯಾಮ್ ಕೇಳಿ. ಸಾಧಾರಣ ಪೆನ್ ಟ್ಯಾಬ್ಲೆಟ್ ಸಾಕು, ಸ್ಕ್ರೀನ್ ಇರುವುದೇ ಬೇಕೆಂದಿಲ್ಲ. ಯುಪಿಎಸ್ ಮಾತ್ರ ಬೇಕೇ ಬೇಕು. ಮಳೆಗಾಲದ ಕರೆಂಟನ್ನು ನಂಬಿ ಸ್ಕಲ್ಪ್ಟ್ ಮಾಡಲು ಕೂರಬೇಡಿ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಇಂಟರ್ನೆಟ್ ಕೇಬಲ್ ಕೂಡ ತೆಗೆಯಿರಿ, ಸಿಡಿಲು ಅದರಿಂದಲೂ ಒಳಗೆ ಬರುತ್ತದೆ. ಒಂದೇ ಫೈಲಿನ ಮೇಲೆ ಸೇವ್ ಮಾಡದೆ 01, 02 ಅಂತ ಬೇರೆ ಬೇರೆ ಇಡಿ.

ಪುಟದಲ್ಲಿ ಹೇಗೆ ಜೋಡಿಸುವುದು

ಒಂದು ಕ್ಯಾರೆಕ್ಟರಿಗೆ ಏಳೆಂಟು ಚಿತ್ರ ಸಾಕು. ಮೊದಲು ಪೂರ್ತಿ ಮೈ ಕಾಣುವ ಒಂದು ಒಳ್ಳೆಯ ರೆಂಡರ್ (ಬೆಳಕು ಹಾಕಿ ತೆಗೆದ ಚಿತ್ರ), ಆಮೇಲೆ ಮುಖ ಹತ್ತಿರದಿಂದ, ಬೆನ್ನು, ಒಂದೆರಡು ಕಡೆಯ ವಿವರ, ವೈರ್‌ಫ್ರೇಮ್, ಟೆಕ್ಸ್ಚರ್ ಮ್ಯಾಪ್‌ಗಳು, ಹೈಪೋಲಿ. ರೆಂಡರನ್ನು ಅನ್‌ರಿಯಲ್‌ನಲ್ಲೋ ಮಾರ್ಮೊಸೆಟ್ ಅನ್ನುವ ರೆಂಡರ್ ತಂತ್ರಾಂಶದಲ್ಲೋ ತೆಗೆಯಿರಿ, ಅಂದರೆ ರಿಯಲ್‌ಟೈಮ್‌ನಲ್ಲೇ, ಗೇಮ್ ಓಡುವ ಹಾಗೇ ಓಡುವಾಗ, ಹೀಗೆ ಕಾಣುತ್ತದೆ ಅಂತ ಸಾಬೀತಾಗುತ್ತದೆ. ಮುಖಕ್ಕೆ ಕ್ಯಾಮೆರಾ 85 ಮಿಲಿಮೀಟರ್ ಆಸುಪಾಸು ಇಡಿ, ವೈಡ್ ಲೆನ್ಸ್ ಇಟ್ಟರೆ ಮೂಗು ದೊಡ್ಡದಾಗಿ ಕಾಣುತ್ತದೆ, ತಪ್ಪು ನಿಮ್ಮ ಸ್ಕಲ್ಪ್ಟಿನದ್ದು ಅಂದುಕೊಳ್ಳುತ್ತಾರೆ. ಹಿನ್ನೆಲೆ ಸರಳವಾಗಿರಲಿ. ಹೊಗೆ, ಕಿಡಿ, ಅತಿಯಾದ ಬ್ಲರ್ ಹಾಕಿದರೆ ಏನನ್ನೋ ಮುಚ್ಚುತ್ತಿದ್ದಾರೆ ಅಂತ ಅನುಮಾನ ಬರುತ್ತದೆ. ಪೋಸ್ ಕೊಡಿ, ಎ-ಪೋಸ್‌ನಲ್ಲಿ ನಿಂತ ಯಕ್ಷಗಾನದ ವೇಷ ನೋಡಲಿಕ್ಕಾಗುವುದಿಲ್ಲ.

ಆರ್ಟ್‌ಸ್ಟೇಶನ್‌ನಲ್ಲಿ ಸಣ್ಣ ಚೌಕದ ಚಿತ್ರ ನೋಡಿಯೇ ಜನ ಒಳಗೆ ಬರುವುದು, ಅದಕ್ಕೆ ಮುಖ ಹಾಕಿ, ಮೊಬೈಲಿನಲ್ಲಿ ತೆರೆದು ಗುರುತು ಸಿಗುತ್ತದಾ ನೋಡಿ. ಹೆಸರಿನ ಕೆಳಗೆ ಕ್ಯಾರೆಕ್ಟರ್ ಆರ್ಟಿಸ್ಟ್ ಅಂತ ಮಾತ್ರ ಬರೆಯಿರಿ. ಕ್ಯಾರೆಕ್ಟರ್, ಎನ್ವಿರಾನ್‌ಮೆಂಟ್, ಅನಿಮೇಶನ್, ಮದುವೆ ವಿಡಿಯೋ ಎಡಿಟಿಂಗ್ ಎಲ್ಲ ಒಟ್ಟಿಗೆ ಬರೆದರೆ ಯಾವ ಕೆಲಸಕ್ಕೂ ಕರೆಯುವುದಿಲ್ಲ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ಸ್ಪಷ್ಟ ಹೇಳಿ. ತಲೆಯನ್ನು ಸಿದ್ಧ ಬೇಸ್ ಮೆಶ್‌ನಿಂದ ಶುರು ಮಾಡಿದ್ದರೆ, ಸ್ಕ್ಯಾನ್ ಬಳಸಿದ್ದರೆ ಅದನ್ನೂ ಹೇಳಿ. ಇದು ಸಣ್ಣ ಲೋಕ, ಯಾವ ಕಿವಿ ಎಲ್ಲಿಯದು ಅಂತ ನೋಡಿದವರಿಗೆ ಗೊತ್ತಿರುತ್ತದೆ.

ಹಾಕುವ ಮೊದಲು ಈ ಕೆಲಸ ಮಾಡುತ್ತಿರುವ ಒಬ್ಬರಿಗಾದರೂ ತೋರಿಸಿ. ಸುಮ್ನೆ ಹೇಗಿದೆ ಸರ್ ಅಂತ ಕೇಳಿದರೆ ಸೂಪರ್ ಅಂತ ಒಂದು ಬೆರಳು ಬರುತ್ತದೆ, ಅಷ್ಟೇ. ಭುಜದ ಹತ್ತಿರ ಏನೋ ಸರಿ ಇಲ್ಲ ಅನಿಸುತ್ತದೆ, ಕುತ್ತಿಗೆ ಉದ್ದವಾಯಿತಾ ಮೇಡಂ, ಅಂತ ಒಂದೇ ಪ್ರಶ್ನೆ, ಎರಡು ಚಿತ್ರ ಕಳಿಸಿ. ಪುರುಸೊತ್ತಿಲ್ಲದವರೂ ಅದಕ್ಕೆ ಉತ್ತರ ಕೊಡುತ್ತಾರೆ. ಕೆಲವರು ಚಿತ್ರದ ಮೇಲೆಯೇ ಗೆರೆ ಎಳೆದು ಕಳಿಸುತ್ತಾರೆ.

ಅರ್ಜಿ ಹಾಕುವಾಗ ಮೇಲ್ ಸಣ್ಣದಿರಲಿ: ಯಾವ ಕೆಲಸಕ್ಕೆ, ಯಾವ ಊರು, ಬೆಂಗಳೂರೋ ಪುಣೆಯೋ ಹೋಗಲು ತಯಾರಾ, ಯಾವಾಗಿನಿಂದ ಸೇರಬಹುದು, ಲಿಂಕ್. ಲಿಂಕ್ ಲಾಗಿನ್ ಕೇಳದೆ ತೆರೆಯುತ್ತದಾ ಅಂತ ಬೇರೆಯವರ ಫೋನಿನಲ್ಲಿ ಒಮ್ಮೆ ನೋಡಿ. ಆರ್ಟ್ ಟೆಸ್ಟ್ ಕೊಟ್ಟರೆ ಕೊಟ್ಟ ತ್ರಿಕೋನದ ಲೆಕ್ಕ, ಫೈಲಿನ ಹೆಸರು, ಫೋಲ್ಡರ್ ಜೋಡಣೆ ಎಲ್ಲ ಅವರು ಹೇಳಿದ ಹಾಗೇ ಇರಲಿ, ಅದಕ್ಕೂ ಅಂಕ ಉಂಟು. ಗೊತ್ತಾಗದಿದ್ದರೆ ಮೊದಲ ದಿನವೇ ಕೇಳಿ. ಟೆಸ್ಟಿಗೋ ತರಬೇತಿಗೋ ನೀವೇ ದುಡ್ಡು ಕಟ್ಟಬೇಕು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಟೆಸ್ಟ್ ಮುಗಿದ ಮೇಲೆ ಅದನ್ನು ಪುಟದಲ್ಲಿ ಹಾಕಬಹುದಾ ಅಂತ ಮೇಲ್‌ನಲ್ಲಿ ಕೇಳಿ, ಅವರು ಬರೆದು ಒಪ್ಪಿದ ಮೇಲೆಯೇ ಹಾಕಿ.